ಪಕ್ಕಪಕ್ಕದ ವಯಾಗಳ ನಡುವಿನ ಕ್ರಾಸ್‌ಟಾಕ್: ದೋಷ ಪತ್ತೆ ಮತ್ತು ದುರಸ್ತಿ

ಬೋರ್ಡ್ ಬೂಟ್ ಆಗುತ್ತದೆ, ಒಂದೊಂದೇ ಬಿಟ್ ಬದಲಿಸುವ ಮೆಮೊರಿ ಪರೀಕ್ಷೆಯೂ ಪಾಸಾಗುತ್ತದೆ. ಆದರೆ ಬಸ್ಸಿನ ಹದಿನಾರು ಬಿಟ್‌ಗಳೂ ಒಟ್ಟಿಗೆ ಸೊನ್ನೆಯಿಂದ ಒಂದಕ್ಕೆ ಹಾರುವ ಡೇಟಾ ಬಂದ ಕೂಡಲೇ ಪ್ರೊಸೆಸರ್ ರಿಸೆಟ್ ಆಗುತ್ತದೆ, ಇಲ್ಲವೇ ಕ್ಲಾಕ್ ಒಂದು ಎಡ್ಜ್ ಹೆಚ್ಚಾಗಿ ಎಣಿಸುತ್ತದೆ. ಫರ್ಮ್‌ವೇರ್‌ನವರು ಹಾರ್ಡ್‌ವೇರ್ ಕಡೆ ಬೆರಳು ತೋರಿಸುತ್ತಾರೆ, ಹಾರ್ಡ್‌ವೇರ್‌ನವರು ಫರ್ಮ್‌ವೇರ್ ಕಡೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಬೋರ್ಡ್ ಮೂಲೆ ಸೇರುತ್ತದೆ. ಲೇಔಟ್ ತೆರೆದರೆ ಟ್ರೇಸ್‌ಗಳ ನಡುವೆ ಬೇಕಾದಷ್ಟು ಅಂತರವಿದೆ, ಡಿಆರ್‌ಸಿಯಲ್ಲಿ (ಲೇಔಟ್ ಸಾಫ್ಟ್‌ವೇರಿನ ನಿಯಮ ತಪಾಸಣೆ) ಒಂದು ದೂರೂ ಇಲ್ಲ. ಹೀಗಿರುವಾಗ ನೋಡಬೇಕಾದ್ದು ಲೇಯರ್ ಬದಲಾಗುವ ಜಾಗವನ್ನು, ಅಂದರೆ ಒಂದು ಲೇಯರಿನಿಂದ ಇನ್ನೊಂದಕ್ಕೆ ಸಿಗ್ನಲ್ ಒಯ್ಯುವ ತಾಮ್ರ ಲೇಪಿತ ರಂಧ್ರಗಳಾದ ವಯಾಗಳನ್ನು. ಒಂದು ಲೈನಿನ ಸಿಗ್ನಲ್ ಪಕ್ಕದ ಲೈನಿಗೆ ನುಸುಳುವುದೇ ಕ್ರಾಸ್‌ಟಾಕ್. ಬಸ್ಸಿನ ವಯಾಗಳೂ ರಿಸೆಟ್ ಅಥವಾ ಕ್ಲಾಕಿನ ವಯಾವೂ 1 ಮಿ.ಮೀ. ಆಸುಪಾಸಿನಲ್ಲಿ ಗುಂಪಾಗಿ ಕೂತಿದ್ದರೆ ಕೆಳಗಿನ ಕ್ರಮದಲ್ಲಿ ಪರೀಕ್ಷಿಸಿ.

ಉದಾಹರಣೆಗೆ ಎಲ್ಲರ ಕೈಗೂ ಸಿಗುವ ಬೋರ್ಡನ್ನೇ ತೆಗೆದುಕೊಳ್ಳೋಣ: 1.6 ಮಿ.ಮೀ. ದಪ್ಪದ ನಾಲ್ಕು ಲೇಯರ್ ಎಫ್‌ಆರ್4 (ಗಾಜಿನ ನಾರು ಮತ್ತು ಎಪಾಕ್ಸಿಯ ಸಾಮಾನ್ಯ ಬೋರ್ಡ್ ವಸ್ತು). ಮೊದಲನೆಯದು ಸಿಗ್ನಲ್, ಎರಡನೆಯದು ಗ್ರೌಂಡ್, ಮೂರನೆಯದು 3.3 ವೋಲ್ಟ್ ಪವರ್, ನಾಲ್ಕನೆಯದು ಸಿಗ್ನಲ್. ಎರಡು ಮತ್ತು ಮೂರನೆಯ ಲೇಯರ್ ನಡುವಿನ ಕೋರ್ ಸುಮಾರು 1.2 ಮಿ.ಮೀ. ವಯಾ ಡ್ರಿಲ್ 0.3 ಮಿ.ಮೀ., ವಯಾದಿಂದ ವಯಾಕ್ಕೆ 1 ಮಿ.ಮೀ. ಕಾಟ ಕೊಡುವ ಲೈನನ್ನು ಅಗ್ರೆಸರ್ ಎಂದೂ ಕಾಟಕ್ಕೆ ಸಿಕ್ಕಿದ ಲೈನನ್ನು ವಿಕ್ಟಿಮ್ ಎಂದೂ ಕರೆಯುವುದು ರೂಢಿ. ಇಲ್ಲೂ ಅದನ್ನೇ ಬಳಸಿದೆ.

ಕಾಟ ಎಲ್ಲಿಂದ ಬರುತ್ತದೆ

ವಯಾಗಳು ಹತ್ತಿರ ಇರುವುದೇ ತಪ್ಪು, ದೂರ ಸರಿಸಿದರೆ ಸರಿಹೋಗುತ್ತದೆ ಎಂದು ಮೊದಲು ತೋಚುವುದು ಸಹಜ. ಹೆಚ್ಚಿನ ಬೋರ್ಡ್‌ಗಳಲ್ಲಿ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಿಜವಾದ ರೋಗ ರಿಟರ್ನ್ ಕರೆಂಟಿನ, ಅಂದರೆ ಮೂಲಕ್ಕೆ ಮರಳುವ ಕರೆಂಟಿನ, ದಾರಿಯಲ್ಲಿದೆ.

ಮೊದಲ ಲೇಯರಿನಲ್ಲಿ ಸಿಗ್ನಲ್ ಓಡುವಾಗ ಅದರ ರಿಟರ್ನ್ ಕರೆಂಟ್ ಕೆಳಗಿನ ಗ್ರೌಂಡ್ ಪ್ಲೇನಿನಲ್ಲಿ (ಲೇಯರ್ ತುಂಬ ಹರಡಿದ ತಾಮ್ರ), ಟ್ರೇಸಿನ ನೆರಳಿನಂತೆ ಓಡುತ್ತದೆ. ಸಿಗ್ನಲ್ ವಯಾ ಹಿಡಿದು ನಾಲ್ಕನೆಯ ಲೇಯರಿಗೆ ಇಳಿದ ಮೇಲೆ ನೆರಳು ಪವರ್ ಪ್ಲೇನಿಗೆ ದಾಟಬೇಕು. ಗ್ರೌಂಡಿಗೂ ಪವರ್‌ಗೂ ನೇರ ತಾಮ್ರದ ಸಂಪರ್ಕವಿಲ್ಲ. ಹಾಗಾಗಿ ಅದು ಹತ್ತಿರದ ಡಿಕಪ್ಲಿಂಗ್ ಕೆಪಾಸಿಟರ್ (ಪವರ್ ಮತ್ತು ಗ್ರೌಂಡ್ ನಡುವೆ ಕೂರಿಸಿದ್ದು) ಹುಡುಕಿಕೊಂಡು ಹೋಗುತ್ತದೆ. ಬಸ್ಸಿನ ಹದಿನಾರು ಲೈನ್‌ಗಳಿಗೂ, ಪಕ್ಕದ ರಿಸೆಟ್ ಲೈನಿಗೂ ಅದೇ ಒಂದು ಕೆಪಾಸಿಟರ್. ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗಿದಾಗ ಆ ದಾರಿಯ ಇಂಡಕ್ಟೆನ್ಸ್ ಮೇಲೆ ಹುಟ್ಟುವ ವೋಲ್ಟೇಜ್ ಎಲ್ಲರಿಗೂ ಪಾಲಾಗುತ್ತದೆ.

ಎರಡು ಸಿಗ್ನಲ್ ವಯಾಗಳಿಗೆ ಒಂದೇ ರಿಟರ್ನ್ ವಯಾ ಇದ್ದಾಗ ಮ್ಯೂಚುವಲ್ ಇಂಡಕ್ಟೆನ್ಸ್ (ಒಂದರ ಕರೆಂಟ್ ಬದಲಾದಾಗ ಇನ್ನೊಂದರಲ್ಲಿ ಎಷ್ಟು ವೋಲ್ಟೇಜ್ ಹುಟ್ಟುತ್ತದೆ ಎಂಬುದರ ಅಳತೆ) ಲೆಕ್ಕ ಹೀಗೆ:

ಮ್ಯೂಚುವಲ್ ಇಂಡಕ್ಟೆನ್ಸ್ (ನ್ಯಾನೊಹೆನ್ರಿ) = 0.2 × ಪ್ಲೇನ್‌ಗಳ ನಡುವಿನ ಎತ್ತರ × ನ್ಯಾಚುರಲ್ ಲಾಗ್ [(ಅಗ್ರೆಸರ್‌ನಿಂದ ರಿಟರ್ನ್ ವಯಾಕ್ಕೆ ದೂರ × ವಿಕ್ಟಿಮ್‌ನಿಂದ ರಿಟರ್ನ್ ವಯಾಕ್ಕೆ ದೂರ) ÷ (ಅಗ್ರೆಸರ್–ವಿಕ್ಟಿಮ್ ದೂರ × ರಿಟರ್ನ್ ವಯಾದ ತ್ರಿಜ್ಯ)]

ಅಳತೆಗಳೆಲ್ಲ ಮಿ.ಮೀ.ನಲ್ಲಿ. ದೂರಗಳು ತರಂಗದೂರಕ್ಕಿಂತ ಬಹಳ ಚಿಕ್ಕದಾಗಿರುವವರೆಗೆ ಈ ಸೂತ್ರ ನಡೆಯುತ್ತದೆ. ಎಫ್‌ಆರ್4ನಲ್ಲಿ 1 ಗಿಗಾಹರ್ಟ್ಸ್‌ನ ತರಂಗದೂರ ಸುಮಾರು 146 ಮಿ.ಮೀ. ಆದ್ದರಿಂದ ನಮ್ಮ ಉದಾಹರಣೆಗೆ ತೊಂದರೆಯಿಲ್ಲ.

ಕೆಪಾಸಿಟರ್ 8 ಮಿ.ಮೀ. ದೂರದಲ್ಲಿದ್ದರೆ: 64 ಅನ್ನು 0.15ರಿಂದ ಭಾಗಿಸಿದರೆ ಸುಮಾರು 427, ಅದರ ಲಾಗ್ 6.06, ಉತ್ತರ 1.45 ನ್ಯಾನೊಹೆನ್ರಿ. ಇದಕ್ಕೆ ಕೆಪಾಸಿಟರ್ ಕೂರಿಸಿದ ಪ್ಯಾಡ್ ಮತ್ತು ಟ್ರೇಸಿನ ಇಂಡಕ್ಟೆನ್ಸ್ ಸೇರಬೇಕು. ಅದೂ ಇಬ್ಬರಿಗೂ ಸಾಮಾನ್ಯವಾದ್ದರಿಂದ ಹಾಗೇ ಕೂಡಿಕೊಳ್ಳುತ್ತದೆ. ಅರ್ಧ ನ್ಯಾನೊಹೆನ್ರಿ ಹಿಡಿದರೆ ಒಟ್ಟು 2 ಎನ್ನಿ. ಈಗ ವಯಾಗಳ ಅಂತರವನ್ನು 1ರಿಂದ 2 ಮಿ.ಮೀ.ಗೆ ಏರಿಸಿ ನೋಡಿ: ಲಾಗ್ ಒಳಗೆ ಎರಡರ ಭಾಗಾಕಾರ ಅಷ್ಟೇ, ಕಡಿಮೆಯಾಗುವುದು 0.17 ನ್ಯಾನೊಹೆನ್ರಿ. ಇಡೀ ಬಸ್ಸನ್ನು ಮತ್ತೆ ರೂಟ್ ಮಾಡಿ ದುಡಿದದ್ದಕ್ಕೆ ಸಿಕ್ಕಿದ್ದು ನೂರಕ್ಕೆ ಒಂಬತ್ತರ ಆಸುಪಾಸು.

ಅದೇ ಬೋರ್ಡಿನ ಎರಡೂ ಒಳ ಪ್ಲೇನ್‌ಗಳು ಗ್ರೌಂಡ್ ಆಗಿದ್ದು, ಎರಡೂ ಸಿಗ್ನಲ್ ವಯಾಗಳಿಂದ 1 ಮಿ.ಮೀ. ದೂರದಲ್ಲಿ ಒಂದೇ ಒಂದು ಗ್ರೌಂಡ್ ವಯಾ ಇದ್ದರೂ ಬೆಲೆ 0.46ಕ್ಕೆ ಇಳಿಯುತ್ತದೆ. ಗ್ರೌಂಡ್, ಸಿಗ್ನಲ್, ಸಿಗ್ನಲ್, ಗ್ರೌಂಡ್ ಎಂದು 1 ಮಿ.ಮೀ. ಅಂತರದಲ್ಲಿ ಸಾಲಾಗಿ ಇಟ್ಟರೆ 0.28. ಗ್ರೌಂಡ್, ಸಿಗ್ನಲ್, ಗ್ರೌಂಡ್, ಸಿಗ್ನಲ್, ಗ್ರೌಂಡ್ ಎಂದು ಇಟ್ಟರೆ 0.05. ಒಂದಕ್ಕಿಂತ ಹೆಚ್ಚು ಗ್ರೌಂಡ್ ವಯಾ ಇದ್ದಾಗ ಮೇಲಿನ ಸೂತ್ರ ಸಾಲದು, ಕರೆಂಟ್ ಹೇಗೆ ಹಂಚಿಹೋಗುತ್ತದೆ ಎಂದು ಸಮೀಕರಣ ಬಿಡಿಸಬೇಕು. ಕೊನೆಯ ಎರಡು ಅಂಕಿ ಹಾಗೆ ಬಿಡಿಸಿ ಬಂದವು. ಪ್ರತಿ ಸಿಗ್ನಲ್ಲೂ ತನ್ನ ಪಕ್ಕದ ಗ್ರೌಂಡ್ ವಯಾವನ್ನೇ ಬಳಸುತ್ತದೆ ಎಂದು ಊಹಿಸಿಕೊಂಡರೆ ಎರಡು ಗ್ರೌಂಡ್ ವಯಾಗಳ ಸಾಲಿಗೆ 0.07 ಬರುತ್ತದೆ, ಅದು ನಾಲ್ಕು ಪಟ್ಟು ಆಶಾವಾದ. ಪ್ಲೇನ್‌ಗಳು ಒಂದಕ್ಕೊಂದು ಬೆಸೆದಿರುವಾಗ ಕರೆಂಟ್ ಯಾರ ಮಾತೂ ಕೇಳುವುದಿಲ್ಲ.

ವೋಲ್ಟೇಜಿಗೆ ಬನ್ನಿ. 3.3 ವೋಲ್ಟ್ ಡ್ರೈವರ್, 50 ಓಮ್ ಮೂಲ, 50 ಓಮ್ ಟ್ರೇಸ್: ಎಡ್ಜಿನಲ್ಲಿ 33 ಮಿಲಿಆಂಪ್. ರೈಸ್ ಟೈಮ್ (ಸಿಗ್ನಲ್ ಕೆಳಗಿನಿಂದ ಮೇಲಕ್ಕೆ ಏರಲು ಹಿಡಿಯುವ ಸಮಯ) 0.5 ನ್ಯಾನೊಸೆಕೆಂಡ್ ಆದರೆ 2 ನ್ಯಾನೊಹೆನ್ರಿಯ ಮೇಲೆ 132 ಮಿಲಿವೋಲ್ಟ್. ಇದರ ಅರ್ಧ ವಿಕ್ಟಿಮ್ ಲೈನಿನ ಒಂದೊಂದು ದಿಕ್ಕಿಗೆ ಹೊರಡುತ್ತದೆ. ತುದಿಯಲ್ಲಿ ಹೈ ಇಂಪೀಡೆನ್ಸ್ ಇನ್‌ಪುಟ್ ಇದ್ದರೆ ಪ್ರತಿಫಲಿಸಿ ಮತ್ತೆ ಪೂರ್ತಿ 132 ಆಗುತ್ತದೆ. ಎಂಟು ಬಿಟ್ ಒಟ್ಟಿಗೆ ಹಾರಿದರೆ ಕಾಗದದ ಮೇಲೆ 1 ವೋಲ್ಟ್ ದಾಟುತ್ತದೆ. ದೂರದ ವಯಾಗಳ ಪಾಲು ಕಡಿಮೆ, ಆದ್ದರಿಂದ ಅಷ್ಟು ಕಾಣಿಸಲಿಕ್ಕಿಲ್ಲ. ಆದರೂ 3.3 ವೋಲ್ಟ್ ಲಾಜಿಕ್ಕಿನ 0.8 ವೋಲ್ಟ್ ಮಿತಿಯ ಹತ್ತಿರ ಹೋಗಲು ಬೇರೇನೂ ಬೇಕಿಲ್ಲ. ರಿಸೆಟ್ ಲೈನ್ ಮೊದಲು ಬೀಳುವುದಕ್ಕೆ ಇನ್ನೊಂದು ಕಾರಣವೂ ಇದೆ: ಹೈ ಸ್ಥಿತಿಯಲ್ಲಿ ಅದನ್ನು ಹಿಡಿದಿರುವುದು 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ ಮಾತ್ರ. ಎರಡೂ ತುದಿ ತೆರೆದಂತಿರುವ ಲೈನಿನಲ್ಲಿ ಹುಟ್ಟಿದ ಪಲ್ಸ್ ಅತ್ತಿತ್ತ ಓಡಾಡುತ್ತಲೇ ಇರುತ್ತದೆ.

ಪ್ರೋಬ್ ಸುಳ್ಳು ಹೇಳುತ್ತಿಲ್ಲ ಎಂದು ಮೊದಲು ಖಚಿತಪಡಿಸಿ

10:1 ಪ್ರೋಬಿನ 10–15 ಸೆಂ.ಮೀ. ಗ್ರೌಂಡ್ ವೈರ್ ಸರಿಸುಮಾರು 100 ನ್ಯಾನೊಹೆನ್ರಿ. ಪ್ರೋಬಿನ 10 ಪಿಕೊಫ್ಯಾರಡ್ ಜೊತೆ ಸೇರಿ ಅದು 160 ಮೆಗಾಹರ್ಟ್ಸ್ ಸುತ್ತ ರಿಂಗ್ ಆಗುತ್ತದೆ. ಅಂಥ ವೈರ್ ಹಿಡಿದು ವಯಾ ಕ್ರಾಸ್‌ಟಾಕ್ ನೋಡಲು ಹೊರಟರೆ ಕಾಣುವುದು ಪ್ರೋಬಿನದೇ ಚಿತ್ರ. ಪ್ರೋಬ್ ತುದಿಯನ್ನು ಅದರದೇ ಗ್ರೌಂಡ್ ಕ್ಲಿಪ್ಪಿಗೆ ಸೇರಿಸಿ, ಅಳೆಯುವ ಜಾಗದ ಗ್ರೌಂಡ್ ಪ್ಯಾಡಿಗೆ ಮುಟ್ಟಿಸಿ. ಆಗಲೂ ಪಲ್ಸ್ ಕಂಡರೆ ಅದು ಬೋರ್ಡಿನ ದೋಷವಲ್ಲ.

ಇದಕ್ಕಿಂತ ಒಳ್ಳೆಯದು, ಖರ್ಚೂ ಕಡಿಮೆಯದು, ಕೈಯಲ್ಲೇ ಮಾಡುವ ರೆಸಿಸ್ಟರ್ ಪ್ರೋಬ್. ತೆಳು 50 ಓಮ್ ಕೋಆಕ್ಸ್ (ಆರ್‌ಜಿ-178 ಸಾಕು), ಒಂದು ತುದಿಗೆ ಎಸ್‌ಎಂಎ ಕನೆಕ್ಟರ್, ಇನ್ನೊಂದು ತುದಿಯ ಒಳತಂತಿಗೆ 953 ಓಮ್‌ನ 0603 ಅಳತೆಯ ರೆಸಿಸ್ಟರ್. ಬೆಂಗಳೂರಿನವರಿಗೆ ಈ ಸಾಮಾನು ಎಸ್.ಪಿ. ರೋಡಿನಲ್ಲೇ ಸಿಗುತ್ತದೆ. ಕೋಆಕ್ಸಿನ ಹೆಣಿಗೆಯನ್ನು ಅಳೆಯುವ ಬಿಂದುವಿನಿಂದ 2–3 ಮಿ.ಮೀ. ಒಳಗೆ ಗ್ರೌಂಡಿಗೆ ಬೆಸುಗೆ ಹಾಕಿ, ಸ್ಕೋಪ್ ಇನ್‌ಪುಟ್ ಅನ್ನು 50 ಓಮ್‌ಗೆ ಇಡಿ. 20:1 ವಿಭಾಗ ಸಿಗುತ್ತದೆ, ಲೈನಿಗೆ ಬೀಳುವ ಹೊರೆ 1 ಕಿಲೋಓಮ್. 10 ಕಿಲೋಓಮ್ ಪುಲ್‌ಅಪ್ ಇರುವ ಲೈನನ್ನು ಇದು ಕೆಳಗೆ ಎಳೆದುಬಿಡುತ್ತದೆ ಎಂಬುದು ನೆನಪಿರಲಿ; ಅಲ್ಲಿ ರೆಸಿಸ್ಟರಿಗೆ ಸರಣಿಯಲ್ಲಿ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಸೇರಿಸಿ. ಸ್ಕೋಪಿನ ಬ್ಯಾಂಡ್‌ವಿಡ್ತ್ 0.35 ÷ ರೈಸ್ ಟೈಮ್‌ಗಿಂತ ಮೇಲಿರಬೇಕು: 0.5 ನ್ಯಾನೊಸೆಕೆಂಡಿಗೆ 700 ಮೆಗಾಹರ್ಟ್ಸ್, 0.2ಕ್ಕೆ 1.75 ಗಿಗಾಹರ್ಟ್ಸ್.

ಪತ್ತೆಯ ಹೆಜ್ಜೆಗಳು

ವಿಕ್ಟಿಮ್ ಲೈನನ್ನು ಫರ್ಮ್‌ವೇರ್‌ನಿಂದ ಸ್ಥಿರವಾಗಿ ಲೋ (ಸೊನ್ನೆ) ಸ್ಥಿತಿಯಲ್ಲಿ ಹಿಡಿಯಿರಿ, ಬಸ್ ಓಡಿಸಿ, ಸ್ಕೋಪನ್ನು ಅಗ್ರೆಸರ್ ಎಡ್ಜಿಗೆ ಟ್ರಿಗರ್ ಮಾಡಿ 64 ಬಾರಿಯ ಸರಾಸರಿ ತೆಗೆಯಿರಿ. ಎಡ್ಜಿಗೆ ಸಂಬಂಧವಿಲ್ಲದ ಗದ್ದಲ ಎಂಟನೇ ಒಂದಕ್ಕೆ ಇಳಿಯುತ್ತದೆ, ಕ್ರಾಸ್‌ಟಾಕ್ ಹಾಗೇ ನಿಲ್ಲುತ್ತದೆ. ಆಮೇಲೆ ವಿಕ್ಟಿಮನ್ನು ಹೈ (ಒಂದು) ಸ್ಥಿತಿಯಲ್ಲಿ ಹಿಡಿದು ಮತ್ತೊಮ್ಮೆ ನೋಡಿ.

ಮುಂದೆ 1, 2, 4, 8, 16 ಬಿಟ್‌ಗಳನ್ನು ಒಟ್ಟಿಗೆ ಹಾರಿಸುತ್ತಾ ಪಲ್ಸಿನ ಎತ್ತರ ಬರೆದುಕೊಳ್ಳಿ. ಒಂದೇ ನೆರೆಯ ವಯಾ ಹಾರಿದಾಗ ದೊಡ್ಡ ಪಲ್ಸ್ ಬಂದು, ದೂರದವನ್ನು ಸೇರಿಸಿದರೂ ಹೆಚ್ಚಾಗದಿದ್ದರೆ ಅದು ನೇರ ನೆರೆಹೊರೆಯ ಕಪ್ಲಿಂಗ್. ದೂರದ ಬಿಟ್ ಕೂಡ ಹತ್ತಿರದ ಬಿಟ್‌ನಷ್ಟೇ ಕೊಡುಗೆ ಕೊಟ್ಟರೆ ಹಂಚಿಕೊಂಡ ರಿಟರ್ನ್ ದಾರಿಯ ಕೆಲಸ. ಈ ಒಂದು ಪಟ್ಟಿಯೇ ಅರ್ಧ ರೋಗ ಹೇಳಿಬಿಡುತ್ತದೆ.

ಪ್ಯಾಕೇಜಿನ ಗ್ರೌಂಡ್ ಬೌನ್ಸ್ (ಹಲವು ಪಿನ್ ಒಟ್ಟಿಗೆ ಹಾರಿದಾಗ ಚಿಪ್ಪಿನ ಒಳಗಿನ ಗ್ರೌಂಡೇ ಜಿಗಿಯುವುದು) ಕೂಡ ಇದೇ ವೇಷದಲ್ಲಿ ಬರುತ್ತದೆ. ಬೇರ್ಪಡಿಸಲು ಅದೇ ಪೋರ್ಟಿನ ಇನ್ನೊಂದು ಪಿನ್ ಆರಿಸಿ. ಅದರ ಟ್ರೇಸ್ ಆ ವಯಾ ಗುಂಪಿನ ಹತ್ತಿರ ಸುಳಿಯಬಾರದು. ಅದನ್ನೂ ಲೋ ಸ್ಥಿತಿಯಲ್ಲಿ ಹಿಡಿದು ಅಳೆಯಿರಿ. ಅಲ್ಲೂ ಅಷ್ಟೇ ಎತ್ತರದ ಪಲ್ಸ್ ಇದ್ದರೆ ವಯಾ ನಿರಪರಾಧಿ, ಚಿಪ್ಪಿನ ಪವರ್ ಪಿನ್‌ಗಳ ಡಿಕಪ್ಲಿಂಗ್ ಕಡೆ ಹೋಗಿ.

ಪೋರ್ಟಿನ ಡ್ರೈವ್ ಸ್ಟ್ರೆಂತ್ ಅಥವಾ ಸ್ಲ್ಯೂ (ಎಡ್ಜಿನ ವೇಗ) ಸೆಟ್ಟಿಂಗನ್ನು ಒಂದು ಮೆಟ್ಟಿಲು ಇಳಿಸಿ. ರೈಸ್ ಟೈಮ್ ಎರಡು ಪಟ್ಟಾದಾಗ ಪಲ್ಸ್ ಅರ್ಧವಾದರೆ ವಯಾದಂಥ ಗಿಡ್ಡ ಕಪ್ಲಿಂಗ್. ಉದ್ದಕ್ಕೂ ಜೊತೆಯಾಗಿ ಓಡಿದ ಟ್ರೇಸ್‌ಗಳ ನಿಯರ್ ಎಂಡ್ ಕ್ರಾಸ್‌ಟಾಕ್ (ಡ್ರೈವರ್ ಕಡೆಯ ತುದಿಯಲ್ಲಿ ಕಾಣುವುದು) ಆಗಿದ್ದರೆ ಎತ್ತರ ಅಷ್ಟಾಗಿ ಬದಲಾಗದು.

ಪಲ್ಸಿನ ದಿಕ್ಕನ್ನೂ ನೋಡಿ. ವಿಕ್ಟಿಮ್ ಲೈನಿನ ಎರಡು ತುದಿಗಳಲ್ಲಿ ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋದರೆ ಇಂಡಕ್ಟಿವ್. ಎರಡೂ ಒಂದೇ ಕಡೆಗಾದರೆ ಕೆಪಾಸಿಟಿವ್, ಅಂದರೆ ಪ್ಯಾಡ್‌ಗಳು ಅಥವಾ ಮೇಲ್ಮೈ ಟ್ರೇಸ್‌ಗಳು ಒತ್ತಾಗಿವೆ. ನಮ್ಮ ಉದಾಹರಣೆಯಂಥ ದಪ್ಪ ಕೋರಿನ ಬೋರ್ಡಿನಲ್ಲಿ ಮೊದಲನೆಯದೇ ಹೆಚ್ಚು.

ಜಾಗ ಗುರುತಿಸಲು ಸಮಯವನ್ನು ಬಳಸಿ. ಮೇಲ್ಮೈ ಟ್ರೇಸಿನಲ್ಲಿ ಸಿಗ್ನಲ್ ಮಿ.ಮೀ.ಗೆ ಸುಮಾರು 6 ಪಿಕೊಸೆಕೆಂಡ್ ತೆಗೆದುಕೊಳ್ಳುತ್ತದೆ. ಡ್ರೈವರ್‌ನಿಂದ 40 ಮಿ.ಮೀ. ದೂರದ ವಯಾದಲ್ಲಿ ಹುಟ್ಟಿದ ಪಲ್ಸ್ ಡ್ರೈವರ್ ತುದಿಗೆ ಮರಳುವುದು ಎಡ್ಜ್ ಹೊರಟ ಸುಮಾರು 480 ಪಿಕೊಸೆಕೆಂಡ್ ನಂತರ. ಪಲ್ಸ್ ಸೊನ್ನೆ ಸಮಯದಲ್ಲೇ ಬಂದರೆ ಪ್ಯಾಕೇಜ್, ಇನ್ನೂ ತಡವಾಗಿ ಬಂದರೆ ಕನೆಕ್ಟರ್. ಇದಕ್ಕೆ ಸ್ಕೋಪಿನ ಎರಡೂ ಚಾನೆಲ್‌ಗಳ ಕೇಬಲ್ ಒಂದೇ ಉದ್ದದ್ದಿರಬೇಕು, 10 ಸೆಂ.ಮೀ. ವ್ಯತ್ಯಾಸವಿದ್ದರೂ ಅರ್ಧ ನ್ಯಾನೊಸೆಕೆಂಡ್ ಕಳೆದುಹೋಗುತ್ತದೆ.

ಭಾಗಗಳಿಲ್ಲದ ಖಾಲಿ ಬೋರ್ಡ್ ಒಂದಿದ್ದರೆ ನೆಟ್‌ವರ್ಕ್ ಅನಲೈಸರ್ ಹಿಡಿಯಿರಿ. ಡಿಕಪ್ಲಿಂಗ್ ಕೆಪಾಸಿಟರ್‌ಗಳನ್ನು ಮಾತ್ರ ಕೂರಿಸಿ, ಎರಡೂ ಲೈನ್‌ಗಳ ಖಾಲಿ ತುದಿಗಳಿಗೆ 50 ಓಮ್ ಹಾಕಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ದಾಟುತ್ತದೆ ನೋಡಿ. ಮೇಲಿನ ಬೆಲೆಗಳಿಗೆ 1 ಗಿಗಾಹರ್ಟ್ಸ್‌ನಲ್ಲಿ ನಿರೀಕ್ಷಿಸಬೇಕಾದ್ದು: 2 ನ್ಯಾನೊಹೆನ್ರಿಗೆ ಮೈನಸ್ 18 ಡೆಸಿಬಲ್, 0.46ಕ್ಕೆ ಮೈನಸ್ 31, 0.28ಕ್ಕೆ ಮೈನಸ್ 35, 0.05ಕ್ಕೆ ಮೈನಸ್ 50. ಫ್ರೀಕ್ವೆನ್ಸಿ ಹತ್ತು ಪಟ್ಟಾದಾಗ 20 ಡೆಸಿಬಲ್ ಏರುವ ನೇರ ಇಳಿಜಾರು ಕಂಡರೆ ಸರಳ ಕಪ್ಲಿಂಗ್. 900 ಮೆಗಾಹರ್ಟ್ಸ್‌ವರೆಗಿನ ಸಣ್ಣ ಅನಲೈಸರ್ ನ್ಯಾನೊವಿಎನ್‌ಎ ಕೂಡ ಇಳಿಜಾರು ತೋರಿಸಲು ಸಾಕು. 300 ಮೆಗಾಹರ್ಟ್ಸ್ ಮೇಲೆ ಅದು ಹಾರ್ಮೋನಿಕ್ ಬಳಸುವುದರಿಂದ ಮೈನಸ್ 50ರ ಅಳತೆಯನ್ನು ಮಾತ್ರ ನಂಬಬೇಡಿ.

ಇಳಿಜಾರಿನ ಬದಲು ಚೂಪು ಶಿಖರಗಳು ಎದ್ದಿದ್ದರೆ ಎರಡು ಪ್ಲೇನ್‌ಗಳ ನಡುವಿನ ಜಾಗವೇ ತಮಟೆಯಂತೆ ಅನುರಣಿಸುತ್ತಿದೆ. ಮೊದಲ ಶಿಖರದ ಲೆಕ್ಕ ಸುಲಭ: ಬೆಳಕಿನ ವೇಗವನ್ನು ಪ್ಲೇನಿನ ಉದ್ದದ ಎರಡರಷ್ಟರಿಂದಲೂ ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗಮೂಲದಿಂದಲೂ ಭಾಗಿಸಿ. ಸ್ಥಿರಾಂಕ 4.2 ಹಿಡಿದರೆ 100 ಮಿ.ಮೀ. ಉದ್ದಕ್ಕೆ ಸುಮಾರು 730 ಮೆಗಾಹರ್ಟ್ಸ್, 80 ಮಿ.ಮೀ.ಗೆ 915. ಹೀಗಾದಾಗ ಬೋರ್ಡಿನ ಆಚೆ ತುದಿಯ ವಯಾ ಕೂಡ ವಿಕ್ಟಿಮ್ ಆಗಬಲ್ಲದು, ಅಂತರ ಗಣನೆಗೇ ಬರುವುದಿಲ್ಲ. ನಿಯರ್ ಫೀಲ್ಡ್ ಪ್ರೋಬನ್ನು ವಯಾ ಮೇಲೆ ಆಡಿಸಿ ಪ್ರಯೋಜನವಿಲ್ಲ, ಪ್ಲೇನ್ ಮುಚ್ಚಿಕೊಂಡಿರುತ್ತದೆ. ಬೋರ್ಡಿನ ಅಂಚುಗಳಲ್ಲಿ ಆಡಿಸಿ.

ಅಪರಾಧ ಸಾಬೀತು ಮಾಡುವ ತಾತ್ಕಾಲಿಕ ದುರಸ್ತಿ

ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ವಿಕ್ಟಿಮ್ ಲೈನನ್ನು ಆ ವಯಾದಿಂದ ಬಿಡಿಸುವುದು. ವಯಾದ ಎರಡೂ ಬದಿಯ ಟ್ರೇಸನ್ನು, ಮೇಲೊಂದು ಕೆಳಗೊಂದು, ಬ್ಲೇಡಿನಿಂದ 0.5 ಮಿ.ಮೀ. ಕತ್ತರಿಸಿ. ಕತ್ತರಿಸಿದ ಹೊರ ತುದಿಗಳಿಗೆ ತೆಳು ಕೋಆಕ್ಸ್ ಬೆಸೆದು ಬೋರ್ಡಿನ ಅಂಚು ಸುತ್ತಿಸಿ ತನ್ನಿ. ಹೆಣಿಗೆ ಎರಡೂ ತುದಿಯಲ್ಲಿ ಗ್ರೌಂಡ್ ಆಗಿರಲೇಬೇಕು. ಒಂದೇ ತುದಿ ಬೆಸೆದು, ದೋಷ ಹೋಗಲಿಲ್ಲ, ಆದ್ದರಿಂದ ವಯಾ ಕಾರಣವಲ್ಲ ಎಂದು ತೀರ್ಮಾನಿಸುವುದು ಬಹಳ ಸಾಮಾನ್ಯ ತಪ್ಪು. ಸಾದಾ ಜಂಪರ್ ವೈರ್ ಹಾಕಿದರೂ ಅಷ್ಟೇ, ಅದು ಆಂಟೆನಾ.

ಹಂಚಿಕೊಂಡ ರಿಟರ್ನ್ ಎಂದು ಅನುಮಾನವಿದ್ದರೆ ವಯಾ ಗುಂಪಿನಿಂದ 2–3 ಮಿ.ಮೀ. ಒಳಗೆ, ಗ್ರೌಂಡ್ ವಯಾ ಮತ್ತು 3.3 ವೋಲ್ಟ್ ವಯಾ ಅಕ್ಕಪಕ್ಕ ಇರುವ ಕಡೆ ಸೋಲ್ಡರ್ ಮಾಸ್ಕ್ ಕೆರೆದು 0402 ಅಳತೆಯ 10 ಅಥವಾ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಕೂರಿಸಿ. ಮೌಲ್ಯ ಮುಖ್ಯವಲ್ಲ, ಎಷ್ಟು ಹತ್ತಿರ ಕೂತಿದೆ ಎಂಬುದು ಮುಖ್ಯ. ಪಲ್ಸ್ ಎದ್ದು ಕಾಣುವಂತೆ ತಗ್ಗಿದರೆ ಅನುಮಾನ ನಿಜ. ಕೆಲವು ನೂರು ಮೆಗಾಹರ್ಟ್ಸ್ ಮೇಲೆ ಕೆಪಾಸಿಟರಿನದೇ ಇಂಡಕ್ಟೆನ್ಸ್ ಅಡ್ಡ ಬರುತ್ತದೆ, ಆದ್ದರಿಂದ ಪೂರ್ತಿ ಮಾಯವಾಗುವುದಿಲ್ಲ.

ಈಗಾಗಲೇ ತಯಾರಾದ ಬೋರ್ಡ್‌ಗಳನ್ನು ಉಳಿಸಿಕೊಳ್ಳಬೇಕಾದರೆ ಅಗ್ರೆಸರ್ ಮೂಲದಲ್ಲಿ 22 ಅಥವಾ 33 ಓಮ್ ಸರಣಿ ರೆಸಿಸ್ಟರ್, ಮತ್ತು ರಿಸೆಟ್‌ನಂಥ ನಿಧಾನ ಲೈನಿಗೆ ಇನ್‌ಪುಟ್ ಪಿನ್ನಿನ ಬುಡದಲ್ಲೇ 1 ಕಿಲೋಓಮ್ ಹಾಗೂ 100 ಪಿಕೊಫ್ಯಾರಡ್. ನೂರು ನ್ಯಾನೊಸೆಕೆಂಡಿನ ಈ ಫಿಲ್ಟರ್ ಒಂದು ನ್ಯಾನೊಸೆಕೆಂಡಿನ ಪಲ್ಸನ್ನು ನುಂಗಿಬಿಡುತ್ತದೆ. ಕ್ಲಾಕಿಗೆ ಇದನ್ನು ಹಾಕಬೇಡಿ.

ಮುಂದಿನ ಲೇಔಟ್

ನಾಲ್ಕು ಲೇಯರಿನ ಬೋರ್ಡಿನಲ್ಲಿ ಸಾಧ್ಯವಾದರೆ ಎರಡೂ ಒಳ ಲೇಯರ್‌ಗಳನ್ನು ಗ್ರೌಂಡ್ ಮಾಡಿ, ಪವರನ್ನು ಹೊರ ಲೇಯರಿನಲ್ಲಿ ಅಗಲ ತಾಮ್ರವಾಗಿ ಒಯ್ಯಿರಿ. ಆಗ ಮಾತ್ರ ಗ್ರೌಂಡ್ ವಯಾಗಳಿಗೆ ಅರ್ಥ ಬರುತ್ತದೆ. ಒಂದು ಪ್ಲೇನ್ ಪವರ್ ಆಗಿರುವಾಗ ಸಿಗ್ನಲ್ ಸುತ್ತ ಎಷ್ಟು ಗ್ರೌಂಡ್ ವಯಾ ಚುಚ್ಚಿದರೂ ಅವು ಒಂದೇ ಪ್ಲೇನಿಗೆ ಅಂಟಿಕೊಂಡು ಇನ್ನೊಂದನ್ನು ಮುಟ್ಟದೆ ದಾಟಿ ಹೋಗುತ್ತವೆ. ರಿಟರ್ನ್ ಕರೆಂಟಿಗೆ ಅವು ಸೇತುವೆಯಲ್ಲ. ಅಲ್ಲಿ ಬೇಕಾದ್ದು ಕೆಪಾಸಿಟರ್, ಎರಡು ಮೂರು ಸಿಗ್ನಲ್‌ಗೆ ಒಂದರಂತೆ. ಆರು ಲೇಯರ್ ಇದ್ದರೆ ಒಂದೇ ಗ್ರೌಂಡ್ ಪ್ಲೇನಿನ ಮೇಲಿಂದ ಕೆಳಗೆ ಇಳಿಯುವಂತೆ ಲೇಯರ್ ಜೋಡಿ ಆರಿಸಿ. ನೆರಳು ಅದೇ ಪ್ಲೇನಿನ ಇನ್ನೊಂದು ಮುಖಕ್ಕೆ ಆಂಟಿಪ್ಯಾಡ್ ರಂಧ್ರದ (ವಯಾ ಸುತ್ತ ಪ್ಲೇನಿನ ತಾಮ್ರ ತೆಗೆದ ಜಾಗ) ಮೂಲಕವೇ ದಾಟುತ್ತದೆ, ಯಾರ ಸಹಾಯವೂ ಬೇಡ.

ಕ್ಲಾಕ್, ರಿಸೆಟ್, ಸ್ಟ್ರೋಬ್‌ಗಳಿಗೆ ಎರಡೂ ಬದಿ ಗ್ರೌಂಡ್ ವಯಾ ಕೊಡಿ. ಡೇಟಾ ಬಿಟ್‌ಗಳಲ್ಲಿ ಎರಡಕ್ಕೊಂದು ಸಾಕು. ಡೇಟಾ ಡೇಟಾಗೆ ಕೊಡುವ ಕಾಟ ಸ್ಯಾಂಪಲ್ ಮಾಡುವ ಹೊತ್ತಿಗೆ ತಣ್ಣಗಾಗಿರುತ್ತದೆ, ಕ್ಲಾಕಿಗೆ ಆ ರಿಯಾಯಿತಿ ಇಲ್ಲ.

ಡಿಫರೆನ್ಷಿಯಲ್ ಜೋಡಿಗಳಲ್ಲಿ ಜೋಡಣೆಯ ದಿಕ್ಕೇ ಒಂದು ಮದ್ದು. ವಿಕ್ಟಿಮ್ ಜೋಡಿಯ ಎರಡೂ ವಯಾಗಳು ಅಗ್ರೆಸರ್ ಜೋಡಿಯ ಪ್ಲಸ್ ಮತ್ತು ಮೈನಸ್‌ಗಳಿಂದ ಸಮದೂರದಲ್ಲಿದ್ದರೆ, ಅಂದರೆ ಒಂದು ಜೋಡಿ ಅಡ್ಡ, ಇನ್ನೊಂದು ಉದ್ದ ಇದ್ದು ಮಧ್ಯರೇಖೆಯ ಮೇಲೆ ಬಂದರೆ, ಡಿಫರೆನ್ಷಿಯಲ್ ಕಪ್ಲಿಂಗ್ ರದ್ದಾಗುತ್ತದೆ. ಒಂದೇ ಸಾಲಿನಲ್ಲಿ ಪ್ಲಸ್, ಮೈನಸ್, ಪ್ಲಸ್, ಮೈನಸ್ ಎಂದು ಇಡುವುದು ನೋಡಲು ಅಚ್ಚುಕಟ್ಟು, ಕ್ರಾಸ್‌ಟಾಕ್‌ಗೆ ಕೆಟ್ಟದ್ದು.

ಸ್ಟಬ್ (ಸಿಗ್ನಲ್ ಹೊರಬಿದ್ದ ಮೇಲೂ ವಯಾದಲ್ಲಿ ಉಳಿಯುವ ಬಾಲ) ಉದ್ದದ ಚಿಂತೆ ಇಂಥ ಬೋರ್ಡಿಗೆ ಬೇಡ. 3 ಮಿ.ಮೀ. ಸ್ಟಬ್ ಅನುರಣಿಸುವುದು 12 ಗಿಗಾಹರ್ಟ್ಸ್ ಸುತ್ತ. ದಪ್ಪ ಬ್ಯಾಕ್‌ಪ್ಲೇನ್ ಮಾಡುವವರು ಆ ಬಾಲವನ್ನು ಕೊರೆದು ತೆಗೆಯುವ ಬ್ಯಾಕ್‌ಡ್ರಿಲ್ಲಿಂಗ್ ಯೋಚಿಸಲಿ.

ಗರ್ಬರ್ (ಬೋರ್ಡ್ ತಯಾರಿಕೆಯ ಫೈಲ್) ಕಳಿಸುವ ಮುನ್ನ ಒಳ ಪ್ಲೇನ್‌ಗಳನ್ನು ತಾಮ್ರ ತುಂಬಿದ ಸ್ಥಿತಿಯಲ್ಲಿ, ವಯಾ ಗುಂಪಿನ ಜಾಗವನ್ನು ದೊಡ್ಡದು ಮಾಡಿ, ಕಣ್ಣಾರೆ ನೋಡಿ. 0.9 ಮಿ.ಮೀ. ಆಂಟಿಪ್ಯಾಡ್‌ಗಳು 1 ಮಿ.ಮೀ. ಅಂತರದಲ್ಲಿದ್ದರೆ ನಡುವೆ ಉಳಿಯುವುದು 0.1 ಮಿ.ಮೀ. ತಾಮ್ರ. ಕನಿಷ್ಠ ಅಗಲದ ಸೆಟ್ಟಿಂಗ್ ಅದಕ್ಕಿಂತ ದೊಡ್ಡದಿದ್ದರೆ ಸಾಫ್ಟ್‌ವೇರ್ ಆ ಎಳೆಯನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ, ಹದಿನಾರು ರಂಧ್ರ ಸೇರಿ ಹದಿನಾರು ಮಿ.ಮೀ. ಉದ್ದದ ಸೀಳಾಗುತ್ತದೆ. ಡಿಆರ್‌ಸಿ ಇದನ್ನು ತಪ್ಪು ಎನ್ನುವುದಿಲ್ಲ. ಆಂಟಿಪ್ಯಾಡನ್ನು 0.8ಕ್ಕೆ ಇಳಿಸಿ, ಇಲ್ಲವೇ ನಾಲ್ಕು ವಯಾಗಳಿಗೊಮ್ಮೆ ಒಂದು ಜಾಗ ಖಾಲಿ ಬಿಟ್ಟು ಅಲ್ಲಿ ಗ್ರೌಂಡ್ ವಯಾ ಕೂರಿಸಿ.